ಕಾರ್ಡಿನ ದೀಪ ಆರುವ ಮುಂಚೆ

ಹಾಡು ಬೇಕೆಂದರೆ ಜನ ಮೆಮೊರಿ ಕಾರ್ಡು ಹಿಡಿದು ಅಂಗಡಿಗೆ ಬರುತ್ತಿದ್ದ ದಿನಗಳವು. ಪೋತ್ನಾಳದಲ್ಲಿ ನನ್ನದೂ ಅಂಥದೊಂದು ಅಂಗಡಿ ಇತ್ತು. ಇಲ್ಲಿ ಹೇಳಹೊರಟಿರುವ ಬಾಲ್ಯ ಮಾತ್ರ ನನ್ನದಲ್ಲ, ಮಗಳ ಮಗಳು ಪಾರ್ವತಿಯದು. ಅದನ್ನು ಕೆಡಿಸಿದವನು ನಾನು.

ಬೇಸಿಗೆ ರಜೆಗೆ ದೇವದುರ್ಗದಿಂದ ಬಂದಿದ್ದಳು. ಉಪ್ಪುಖಾರ ಹಚ್ಚಿದ ಮಾವಿನಕಾಯಿ ಕಚ್ಚುತ್ತ, ಕಂಪ್ಯೂಟರಿನ ಮೇಜಿನ ಕೆಳಗೆ ಕೂತು ಹರಳುಕಲ್ಲು ಆಡುತ್ತಿದ್ದಳು. ಕಾರ್ಡು ಸಿಕ್ಕಿಸುವ ರೀಡರಿನ ಕೆಂಪು ದೀಪ ಅವಳ ಕಣ್ಣಿನ ಮಟ್ಟಕ್ಕೇ ಇತ್ತು.

ಒಂದು ಮಧ್ಯಾಹ್ನ ಜಾಲಹಳ್ಳಿ ಕಡೆಯ ಕುರಿಗಾರ ಬೀರಪ್ಪ ಬಂದ. ತೀರಿಕೊಂಡ ತಾಯಿ ಹಾಡಿದ ಬೀಸುವ ಪದ ಅವನ ಹಳೆಯ ಕಾರ್ಡಿನಲ್ಲಿತ್ತು. ಆಕೆಯ ದನಿ ಉಳಿದದ್ದು ಅಲ್ಲೊಂದೇ ಕಡೆ.

"ಕುರಿ ಹೊಡಕೊಂಡು ದೂರ ಹೊಂಟೀನಿ ಕಾಕಾ. ಅವ್ವನ ಪದ ಹೊಸಾ ಕಾರ್ಡಿಗೆ ಹಾಕು, ಹಳೇದಕ್ಕ ಡೊಳ್ಳಿನ ಪದ ತುಂಬು" ಎಂದು ಹೇಳಿ ಎದುರಿಗೆ ಚಹಾ ಕುಡಿಯಲು ಹೋದ.

ನಾನು ಯಾವುದನ್ನೂ ಕಾಪಿ ಮಾಡುತ್ತಿರಲಿಲ್ಲ. ಜಾಗ ಉಳಿಯಲೆಂದು ಕಟ್ ಮಾಡಿಯೇ ಸಾಗಿಸುತ್ತಿದ್ದೆ. ಪದವನ್ನು ಕಂಪ್ಯೂಟರಿಗೆ ಎಳೆದುಕೊಂಡು ಹಳೆಯ ಕಾರ್ಡು ತುಂಬಿಸಿದೆ. ಆಮೇಲೆ ಅವ್ವನ ಪದವನ್ನು ಹೊಸ ಕಾರ್ಡಿಗೆ ದಾಟಿಸಿದೆ. ಪರದೆಯ ಹಸಿರು ಪಟ್ಟಿ ತುಂಬಿ ಮಾಯವಾಯಿತು. ಹೊರಗೆ ಬೀರಪ್ಪ ಹತ್ತಬೇಕಾದ ಜಾಲಹಳ್ಳಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ತಾತಾ, ಕೀಳಬ್ಯಾಡ. ದೀಪ ಇನ್ನಾ ಮಿಣಕಾಕತ್ತದ."

"ಕಂಪ್ಯೂಟರೇ ಮುಗೀತು ಅಂದದ. ನೀ ಅದಕ್ಕಿಂತ ಶ್ಯಾಣ್ಯಾಕೇನು?" ಎಂದು ಕಾರ್ಡು ಕಿತ್ತೆ.

ಓಡಿಬಂದ ಬೀರಪ್ಪ ಕಾರ್ಡನ್ನು ಮೊಬೈಲಿಗೆ ಹಾಕಿ ನೋಡಿದ. ಪದ ಇಲ್ಲ. ಕಟ್ ಮಾಡಿದ್ದರಿಂದ ಕಂಪ್ಯೂಟರಿನಲ್ಲೂ ಇಲ್ಲ. ಮುಗಿಯಿತೆಂದು ತೋರಿಸಿದ ಮೇಲೂ ಕಂಪ್ಯೂಟರು ಅದನ್ನು ತನ್ನಲ್ಲೇ ಹಿಡಿದುಕೊಂಡು, ನಿಧಾನದ ಕಾರ್ಡಿಗೆ ಚೂರುಚೂರಾಗಿ ಇಳಿಸುತ್ತಿರುತ್ತದೆ ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

"ನಮ್ಮವ್ವನ್ನ ಎಲ್ಲಿ ಹಾಕಿದೆಲೇ?" ಅವನ ಕೋಲು ಗಾಜಿನ ಕಪಾಟಿನ ಮೇಲೆ ಬಿತ್ತು. ಕೊರಳಪಟ್ಟಿ ಹಿಡಿದು ನನ್ನ ತಲೆಯನ್ನು ಗೋಡೆಗೆ ಬಡಿದ. ಬಾಯಲ್ಲಿ ರಕ್ತ ಬಂತು. ಮತ್ತೆ ಕೋಲೆತ್ತಿದಾಗ ನಾನು ಕೂಗಿದೆ, "ನಾನಲ್ಲೋ ಯಪ್ಪಾ! ಈ ಹುಡುಗಿ ಕಿತ್ತಾಳ!"

ಅವನು ನಂಬಲೆಂದು ಪಾರ್ವತಿಯ ಜಡೆ ಹಿಡಿದು ಹೊರಗೆಳೆದು ಹೊಡೆದೆ. ಕೆನ್ನೆಗೆ, ಕಿವಿಗೆ, ಬೆನ್ನಿಗೆ. ಗಾಜಿನ ಚೂರುಗಳ ಮೇಲೆ ಬಿದ್ದು ಅವಳ ಮೊಣಕಾಲು ಹರಿಯಿತು. ಆದರೂ ನಿಲ್ಲಿಸಲಿಲ್ಲ. ನಾನಲ್ಲ ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ಕೊನೆಗೆ ಬೀರಪ್ಪನೇ ನನ್ನ ಕೈ ಹಿಡಿದ. "ಬಿಡೋ ಮುದುಕಾ, ಕೂಸು ಸತ್ತೀತು! ಹೋದಾಕಿ ಹೋದ್ಲು." ಅಂಗಡಿಯ ಕಟ್ಟೆಯ ಮೇಲೆ ಕೂತು ಅತ್ತ.

ನಿಜವನ್ನು ಅವನಿಗೂ ಹೇಳಲಿಲ್ಲ, ನನ್ನ ಮಗಳಿಗೂ ಹೇಳಲಿಲ್ಲ. ಹಾಡು ತುಂಬಿಸುವ ಅಂಗಡಿಗಳು ಈಗಿಲ್ಲ. ಅದರ ದುಃಖವೂ ನನಗಿಲ್ಲ. ಪಾರ್ವತಿ ರಾಯಚೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಹೋದರೆ ಉಣ್ಣಲು ಬಡಿಸುತ್ತಾಳೆ, "ಆರಾಮ ಅದೀಯೇನು ತಾತಾ" ಎಂದು ಕೇಳುತ್ತಾಳೆ. ಮೊನ್ನೆ ಅವಳೆದುರಿಗೇ ಕುದಿಯುವ ಹಾಲನ್ನು ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡೆ. ಲೋಟ ಎತ್ತುವಾಗಲೇ ಅವಳು ನೋಡಿದ್ದಳು. "ತಾತಾ, ಕುಡೀಬ್ಯಾಡ" ಎಂದು ಮಾತ್ರ ಅನ್ನಲಿಲ್ಲ.