ಸದ್ದಿಲ್ಲದ ಗಾಡಿ, ನಮ್ಮತ್ತೆಯ ದೂರದ ಕಿವಿ

ನಮ್ಮೆಜಮಾನ್ರ ಹೆಸರು ಮೃತ್ಯುಂಜಯ. ದೇವರಾಜ ಮೊಹಲ್ಲಾದಲ್ಲಿ ವಿಭೂತಿ, ರುದ್ರಾಕ್ಷಿ, ಊದುಬತ್ತಿ ಅಂಗಡಿ. ಜೋರಾಗಿ ಒಂದು ಮಾತಾಡಿದ್ದು ನಾನು ಕಂಡಿಲ್ಲ. ಗಿರಾಕಿ ಚೌಕಾಸಿಗೆ ನಿಂತರೆ ಇವರೇ ಗಿರಾಕಿ ಪರ ವಾದ ಮಾಡಿ ಕಡಿಮೆ ಮಾಡಿಕೊಡ್ತಾರೆ. ಇಂಥೋರನ್ನ ಕಟ್ಟಿಕೊಂಡ ಮೇಲೆ ಮನೇಲಿ ಜಗಳ ಆಡೋ ಕೆಲಸವೆಲ್ಲ ನನ್ನ ತಲೆಗೇ ಬಂತು.

ಇವರಿಗೆ ಆಗದೇ ಇರೋದು ಅಂದ್ರೆ ಹಾರ್ನು. ಮಗಳು ರಕ್ಷಿತಾ ಪಿಯುಸಿ ಓದುವಾಗ, ಹಿನಕಲ್‌ನ ನಮ್ಮ ರಸ್ತೆ ತಿರುವಿನಲ್ಲಿ ತಾವೇ ಒಂದು ಬೋರ್ಡ್ ನೆಡಿಸಿದರು. 'ದಯವಿಟ್ಟು ಹಾರ್ನ್ ಮಾಡಬೇಡಿ', ಕೆಳಗೆ ತಮ್ಮ ಹೆಸರು. ಮಗಳು ಓದು ಮುಗಿಸಿ, ಮದುವೆ ಆಗಿ ಜಯಲಕ್ಷ್ಮಿಪುರಂಗೆ ಹೋದಳು. ಬೋರ್ಡಿಗೆ ಮಾತ್ರ ವರ್ಷಕ್ಕೊಂದ್ಸಲ ಬಣ್ಣ ಆಗ್ತಾನೇ ಇದೆ.

ಆಗ ಇದ್ದದ್ದು ಹಳೇ ಡೀಸೆಲ್ ಕಾರು. ಗಡಗಡ ಅಂತ ಅದು ತಿರುವಿಗೆ ಬಂತು ಅಂದ್ರೆ ನಮ್ಮತ್ತೆ ಮಹದೇವಮ್ಮ ಎದ್ದು ಒಲೆ ಹಚ್ಚೋರು. ಅತ್ತೆಗೆ ಎಂಬತ್ತರ ಹತ್ತಿರ, ಕಣ್ಣು ಮಂಜು. ಆದರೂ ಮಗನ ಅಕ್ಕಿರೊಟ್ಟಿ ಅವರದ್ದೇ ಕೈಯಿಂದ. ಸಬ್ಬಸಿಗೆ ಸೊಪ್ಪು ಹಾಕಿ ಕಲಸಿಟ್ಟ ಹಿಟ್ಟನ್ನ, ಕಾರಿನ ಸದ್ದು ಕೇಳಿದ ಮೇಲೇ ಕಾವಲಿಗೆ ತಟ್ಟೋದು. ಇವರು ಗೇಟು ತೆಗೆದು, ಗಾಡಿ ನಿಲ್ಲಿಸಿ, ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಕೊಂಡು ಕೂತರೆ ರೊಟ್ಟಿ ತಟ್ಟೆಗೆ ಬಿದ್ದಿರೋದು. ಕಾವಲಿ ಮುಟ್ಟೋಕೆ ನನಗೆ ಅಪ್ಪಣೆ ಇರಲಿಲ್ಲ. ಇಪ್ಪತ್ತೆಂಟು ವರ್ಷ ಚಟ್ನಿ ರುಬ್ಬಿದ್ದೇ ನನ್ನ ಸಾಧನೆ.

ಹೋದ ವರ್ಷ ಹಳೇ ಕಾರು ಮಾರಿ ಇವರು ಹೈಬ್ರಿಡ್ ಎಸ್‌ಯುವಿ ತಂದರು. ಅರ್ಧ ಪೆಟ್ರೋಲಂತೆ, ಅರ್ಧ ಕರೆಂಟಂತೆ. ಬ್ರೇಕ್ ಹಾಕಿದರೆ ಬ್ಯಾಟರಿ ತುಂಬುತ್ತಂತೆ. ಇದನ್ನ ಕೇಳಿದ ದಿನದಿಂದ ಇವರು ಬ್ರೇಕ್ ಹಾಕೋಕೇ ಅಂತ ಗಾಡಿ ಓಡಿಸ್ತಾರೆ, ಕೂತೋರಿಗೆ ಹೊಟ್ಟೆ ತೊಳಸುತ್ತೆ. ಒಳ್ಳೇದನ್ನೂ ಹೇಳಬೇಕು ಬುಡಿ. ಪೆಟ್ರೋಲ್ ಬಂಕಿನೋನು ಇವರ ಮುಖಾನೇ ಮರೆತಿದ್ದಾನೆ. ನಂಟರೆಲ್ಲ ಒಟ್ಟಿಗೆ ಗಾಡಿಯೊಳಗೆ ಹಿಡೀತಾರೆ, ಅದು ಒಳ್ಳೇದೋ ಕೆಟ್ಟದ್ದೋ ನನಗಿನ್ನೂ ಗೊತ್ತಾಗಿಲ್ಲ.

ಆದರೆ ಸದ್ದೇ ಇಲ್ಲ. ರಸ್ತೆ ಮಧ್ಯೆ ಮಲಗೋ ಬೀದಿ ನಾಯಿ ಮೊದಲು ಗಡಗಡ ಕೇಳಿ ತಾನೇ ಎದ್ದು ಹೋಗ್ತಿತ್ತು. ಈಗ ಬಂಪರ್ ಮೂಗಿನ ಹತ್ತಿರ ಬಂದರೂ ಗೊರಕೆ. ಹಾರ್ನ್ ಹೊಡೆಯೋ ಹಾಗಿಲ್ಲವಲ್ಲ, ಇವರು ಇಳಿದು ಹೋಗಿ, ಸ್ವಲ್ಪ ಜಾಗ ಬಿಡಪ್ಪ ಅಂತ ಬೇಡ್ಕೋತಾರೆ. ಒಂದು ಭಾನುವಾರ ಆಫ್ ಆಗಿದೆ ಅಂದ್ಕೊಂಡು ಗಾಡಿ ಆನ್‌ನಲ್ಲೇ ಬಿಟ್ಟು ಸ್ನಾನಕ್ಕೆ ಹೋದರು. ಬ್ಯಾಟರಿ ತಗ್ಗಿದಾಗ ಎಂಜಿನ್ ತಾನಾಗೇ ಗುರ್ ಅಂತು. ಪಕ್ಕದ ಮನೆ ಸಾಕಮ್ಮ ಗಾಡಿಗೆ ದೆವ್ವ ಹೊಕ್ಕಿದೆ ಅಂತ ನಿಂಬೆಹಣ್ಣು ಹಿಡ್ಕೊಂಡು ಓಡಿ ಬಂದಳು.

ಇವೆಲ್ಲ ನಗೋ ವಿಷಯ. ನಗು ಬಾರದ ವಿಷಯ ಬೇರೆ. ಹೊಸ ಗಾಡಿ ಬಂದ ಮೊದಲ ಸಂಜೆ ಅತ್ತೆ ನಡುಮನೇಲಿ ಕಾಯ್ತಾ ಕೂತಿದ್ರು. ಇವರು ಬಂದು ಎದುರಿಗೆ ನಿಂತು ಅವ್ವಾ ಅಂದಾಗ ಬೆಚ್ಚಿಬಿದ್ದರು. ಒಲೆ ತಣ್ಣಗಿತ್ತು. ಮಾರನೇ ದಿನಾನೂ ಹಂಗೇ. ವಾರ ಕಳೆದ ಮೇಲೆ ನನ್ನನ್ನ ಕರೆದು ಕೂರಿಸಿಕೊಂಡರು.

"ಕಿವಿ ಹೋಯ್ತು ಕಣಮ್ಮ ಸುಷ್ಮಾ. ಇನ್ಮೇಲೆ ರೊಟ್ಟಿ ನೀನೇ ಹಾಕು."

ಗಾಡಿಗೇ ಸದ್ದಿಲ್ಲ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಸದ್ದಿಲ್ಲದೆ ಹೋಗೋಕೆ ಅದೇನು ಗಾಡಿಯೋ ಬೆಕ್ಕೋ ಅಂದರು. ಕುಕ್ಕರ್ ಸೀಟಿ ಕೇಳಿಸುತ್ತಲ್ಲ ಅಂದೆ. ಅದು ಹತ್ತಿರದ ಕಿವಿಯಂತೆ. ಕಣ್ಣಿಗೆ ಹತ್ತಿರದ್ದು, ದೂರದ್ದು ಅಂತ ಇರೋ ಹಾಗೆ ಕಿವಿಗೂ ಇದೆಯಂತೆ, ತಮ್ಮ ದೂರದ ಕಿವಿ ಹೋಗಿದೆಯಂತೆ. ಕಣ್ಣು ಮಂಜಾದಾಗ ಒಂದು ದಿನ ಕೊರಗದೇ ಇದ್ದೋರು, ಈಗ ಊಟ ಅರ್ಧ ಮಾಡಿದರು. ಆ ಕಾವಲಿ ಕೈಗೆ ಬರಲಿ ಅಂತ ಇಪ್ಪತ್ತೆಂಟು ವರ್ಷ ಕಾದಿದ್ದೆ. ಬಂದಾಗ ನನಗೆ ಅಳು ಬಂತು. ಸಾಲದ್ದಕ್ಕೆ ನನ್ನ ರೊಟ್ಟಿ ಚಪ್ಪಲಿ ಹಾಗಾಗ್ತಿತ್ತು. ಇವರು ಚೆನ್ನಾಗಿದೆ ಅಂತ ಅಗಿದೂ ಅಗಿದೂ ನುಂಗೋರು.

ಕೊನೆಗೆ ಅವ್ವನನ್ನೇ ಗಾಡೀಲಿ ಕೂರಿಸಿ ತೋರಿಸ್ತೀನಿ ಅಂತ ಹೊರಟರು. ಕುಟುಂಬದ ಗಾಡಿ ಅಂತ ತಂದದ್ದು, ಅತ್ತೆ ಕಾಲು ಮೆಟ್ಟಿಲಿಗೇ ಎಟುಕಲಿಲ್ಲ. ಅಂಗಡಿಯಿಂದ ಸ್ಟೂಲ್ ತರಿಸಿ, ನಾನು ಹಿಂದಿನಿಂದ ತಳ್ಳಿ, ಇವರು ಒಳಗಿಂದ ಎಳೆದು, ಅಂತೂ ಹತ್ತಿಸಿದ್ವಿ. ಗಾಡಿ ರಿಂಗ್ ರೋಡಿಗೆ ಬಂದಿತ್ತು, ಅತ್ತೆ ಇನ್ನೂ ಯಾಕೆ ಹೊರಡಿಸ್ತಿಲ್ಲ ಅಂತ ಕೇಳ್ತಾನೇ ಇದ್ರು. ಏರಿನಲ್ಲಿ ಎಂಜಿನ್ ಗುರ್ ಅಂದಾಗ ಇವರು ಖುಷಿಯಿಂದ, ಕೇಳಿಸ್ತಾ ಅವ್ವ ಅಂದರು. ಅದು ಹತ್ತಿರದ್ದಲ್ವೇನೋ ಅಂತ ಅತ್ತೆ ಕಣ್ಣೊರೆಸಿಕೊಂಡರು.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. ತಿರುವಿನಲ್ಲಿ ಒಂದೇ ಒಂದು ಹಾರ್ನ್ ಹೊಡೀರಿ, ಅವರಿಗೆ ಕೇಳಿಸಿದರೆ ಮುಗೀತು ಅಂದೆ. ಬೋರ್ಡ್ ಹಾಕಿದೋನೇ ಹಾರ್ನ್ ಹೊಡೆದರೆ ಬೀದೀಲಿ ಹೆಂಗೆ ತಲೆ ಎತ್ತಲಿ ಅಂದರು. ಹಾಗಾದ್ರೆ ಬೋರ್ಡನ್ನೇ ತಂದು ರೊಟ್ಟಿ ಬದಲು ತಿನ್ನಿ ಅಂದೆ.

ಮಾರನೇ ಸಂಜೆ ಏಳೂವರೆ. ಅತ್ತೆ ಅವರೆಕಾಯಿ ಸುಲೀತಾ ಕೂತಿದ್ದರು. ತಿರುವಿನಿಂದ ಒಂದು ಹಾರ್ನು ಬಂತು. ಹೆದರಿಕೊಂಡು ಹೊಡೆದ ಹಾಗೆ ಸಣ್ಣದಾಗಿತ್ತು. ಅತ್ತೆ ಕೈಯಲ್ಲಿದ್ದ ಕಾಯಿ ಬಿಸಾಕಿದರು.

"ಯಾವನೋ ಅವ್ನು ಅವಿವೇಕಿ? ನನ್ನ ಮಗ ಅಷ್ಟುದ್ದ ಬೋರ್ಡ್ ಹಾಕಿದಾನೆ, ಓದೋಕೆ ಬರಲ್ವಾ?"

ನಾನು ಅವರ ಮುಖ ನೋಡಿದೆ. ಆಗ ಅವರಿಗೂ ಹೊಳೀತು. ಬಾಯಿ ತೆರೆದದ್ದು ತೆರೆದಂಗೇ ಇತ್ತು. ಇನ್ನೊಂದು ಹಾರ್ನ್ ಬಂತು, ಈ ಸಲ ಉದ್ದಕ್ಕೆ, ಧೈರ್ಯವಾಗಿ. ಆ ಅವಿವೇಕಿ ನಿಮ್ಮ ಮಗಾನೇ ಅತ್ತೆ ಅಂದೆ. ಅವರು ಗೋಡೆ ಹಿಡ್ಕೊಂಡು ಎದ್ದು, ನನ್ನನ್ನ ಪಕ್ಕಕ್ಕೆ ಸರಿಸಿದರು.

"ನನ್ನ ಕಾವಲಿ ಎಲ್ಲಿಟ್ಟಿದೀಯೆ?"

ಆವತ್ತು ಇವರು ನಾಲ್ಕು ರೊಟ್ಟಿ ತಿಂದರು. ಬೆಳಗ್ಗೆ ಎದ್ದು ನೋಡ್ತೀನಿ, ಬಣ್ಣದ ಡಬ್ಬಿ ಹಿಡಿದು ತಿರುವಿನಲ್ಲಿ ಸ್ಟೂಲ್ ಮೇಲೆ ನಿಂತಿದಾರೆ. ನಾಯಿ ಪಕ್ಕದಲ್ಲಿ ಕೂತು ನೋಡ್ತಿದೆ. ಬೋರ್ಡಿನಲ್ಲಿ ತಮ್ಮ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದರು: 'ಸಂಜೆ ಏಳೂವರೆಗೆ ನಾನು ಮಾತ್ರ ಹೊಡೆಯುತ್ತೇನೆ. ನಮ್ಮವ್ವ ಒಲೆ ಹಚ್ಚಬೇಕು.'