ಚೆಂಡು ಕೊಟ್ಟವನು

ನಾಗೇಂದ್ರನ ಆಟವನ್ನು ನಾನು ನನ್ನದೆಂದು ಹೇಳಿಕೊಂಡೆ. ಒಂದೇ ಮಾತು—ನನ್ನ ನೌಕರಿ, ಮನೆ, ಮದುವೆ ಎಲ್ಲವೂ ಅದರ ಮೇಲೆ ನಿಂತಿವೆ. ಅವನು ತೀರಿಕೊಂಡು ನಲವತ್ತು ದಿನವಾಯಿತು. ಇನ್ನು ಅವನು ಓದಲಾರ ಎಂದಾದ ಮೇಲೆ ಬರೆಯಲು ಕೂತಿದ್ದೇನೆ—ಅದೂ ನನ್ನ ಸ್ವಭಾವವೇ.

ಎಂಬತ್ತರ ದಶಕದ ಮೊದಲ ವರ್ಷಗಳು. ಆ ಮಾತಿನ ಹಿಂದಿನ ದಿನ ಎಂದಿನಂತೆಯೇ ಇತ್ತು. ಮಾಟುಂಗದ ನಮ್ಮ ಕಾಲೇಜಿನ ಸಿಮೆಂಟ್ ಅಂಗಳದಲ್ಲಿ ಸಂಜೆಯವರೆಗೆ ಆಡಿ, ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಹಂಚಿಕೊಂಡು, ಆಂಟಾಪ್ ಹಿಲ್‌ನ ಕ್ವಾರ್ಟರ್ಸಿಗೆ ನಡೆದು ಬಂದೆವು. ದಾರಿಯುದ್ದಕ್ಕೂ ಅವನು ನನ್ನನ್ನು ಬೈಯುತ್ತಲೇ ಇದ್ದ.

"ಶ್ರೀಧರ, ಬಾಲ್ ನೋಡ್ತಾ ನಿಂತ್ಕೋಬೇಡ ಕಣೋ. ಬಾಲ್ ತರೋದು ನನ್ನ ಕೆಲಸ. ನೀನು ಜಾಗ ನೋಡು."

ಬಾಸ್ಕೆಟ್‌ಬಾಲಿನಲ್ಲಿ ಅವನದು ಪಾಯಿಂಟ್ ಗಾರ್ಡ್ ಜಾಗ. ಚೆಂಡನ್ನು ಪುಟಿಸುತ್ತಾ ತರುವವನು, ಯಾರು ಎಲ್ಲಿಗೆ ಓಡಬೇಕೆಂದು ಹೇಳುವವನು, ಕೊನೆಗೆ ಬುಟ್ಟಿಗೆ ಹಾಕುವ ಅವಕಾಶವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವವನು. ಆ ಇನ್ನೊಬ್ಬ ಹೆಚ್ಚಾಗಿ ನಾನು. ನಾನು ಎತ್ತರ, ಅವನು ಗಿಡ್ಡ. ತಂಡದಲ್ಲಿ ಕನ್ನಡದವರು ನಾವಿಬ್ಬರೇ. ಆದರೂ ಅವನು ಕೂಗುತ್ತಿದ್ದುದು ಕನ್ನಡದಲ್ಲಿ—"ಒಳಗೆ", "ಎಡಕ್ಕೆ ಸರಿ", "ತಡಿ". ಉಳಿದ ಮೂವರೂ ಆ ನಾಲ್ಕೈದು ಮಾತು ಕಲಿತಿದ್ದರು, ಎದುರಾಳಿಗಳಿಗೆ ತಿಳಿಯುತ್ತಿರಲಿಲ್ಲ. "ಏ ಇಡ್ಲಿ, ಹಿಂದಿ ಮೇ ಬೋಲ್ ನಾ"—ಹಿಂದಿಯಲ್ಲಿ ಹೇಳೋ—ಎಂದು ಅವರು ರೇಗಿಸಿದರೆ, "ಬೋಲೂಂಗಾ, ಮ್ಯಾಚ್ ಕೆ ಬಾದ್"—ಹೇಳುತ್ತೇನೆ, ಆಟ ಮುಗಿದ ಮೇಲೆ—ಎನ್ನುತ್ತಿದ್ದ.

ಮರುದಿನದ ಪಂದ್ಯ ನೋಡಲು ವಿಶ್ವವಿದ್ಯಾಲಯದ ತಂಡ ಆರಿಸುವವರು ಬಂದಿದ್ದರು. ನಮ್ಮ ಕಾಲೇಜಿನಿಂದ ಒಬ್ಬನಿಗೇ ಜಾಗ. ಆ ತಂಡಕ್ಕೆ ಆಡಿದವನಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುತ್ತಿದ್ದ ಕಾಲ. ನಾವು ಗೆದ್ದೆವು. ಸ್ಕೋರ್ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಇಪ್ಪತ್ತೆರಡು ಅಂಕ, ಅವನ ಮುಂದೆ ನಾಲ್ಕು. ಚೆಂಡು ಕೊಟ್ಟವರ ಹೆಸರು ಬರೆಯುವ ಪದ್ಧತಿ ಆಗ ನಮ್ಮಲ್ಲಿರಲಿಲ್ಲ.

ಆದರೆ ಆರಿಸಲು ಬಂದವರಿಗೆ ಕಣ್ಣಿತ್ತು. ನಾಗೇಂದ್ರ ಮುಖ ತೊಳೆಯಲು ನಲ್ಲಿಗೆ ಹೋಗಿದ್ದಾಗ ನನ್ನ ಬಳಿ ಬಂದರು. "ತುಮ್ ದೋನೋ ಅಪ್ನೀ ಭಾಷಾ ಮೇ ಚಿಲ್ಲಾತೇ ಹೋ. ಗೇಮ್ ಚಲಾತಾ ಕೌನ್ ಹೈ—ತೂ, ಯಾ ವೋ ಛೋಟಾ?" ಇಬ್ಬರೂ ನಿಮ್ಮ ಭಾಷೆಯಲ್ಲಿ ಕೂಗುತ್ತೀರಿ, ಆಟ ನಡೆಸುವವನು ನೀನೋ, ಆ ಗಿಡ್ಡನೋ—ಇಷ್ಟೇ ಪ್ರಶ್ನೆ. ನಾನೂ ಕೂಗುತ್ತಿದ್ದೆ, ನಿಜ—ಅವನು ಹೇಳಿದ್ದನ್ನೇ ಉಳಿದವರಿಗೆ ಮತ್ತೊಮ್ಮೆ.

"ಮೈ ಬೋಲ್ತಾ ಹೂಂ ಸರ್. ವೋ ದೇತಾ ಹೈ."

ನಾನು ಹೇಳುತ್ತೇನೆ, ಅವನು ಕೊಡುತ್ತಾನೆ. ಬಾಯಿ ತಪ್ಪಿ ಬಂತು ಎನ್ನಲಾರೆ. ಯೋಚಿಸುವಷ್ಟು ಹೊತ್ತಿತ್ತು. ಅವನು ಬನಿಯನ್ನಿನ ತುದಿಯಲ್ಲಿ ಮುಖ ಒರೆಸುತ್ತಾ ಬರುವುದು ಕಾಣುತ್ತಿತ್ತು.

ಪಟ್ಟಿಯಲ್ಲಿ ನನ್ನ ಹೆಸರು ಬಂದ ದಿನ ಆರಿಸಿದವರು ನಾಗೇಂದ್ರನ ಮುಂದೆಯೇ ನನ್ನ ಬೆನ್ನು ತಟ್ಟಿ, "ಯೇ ಬೋಲ್ತಾ ಹೈ, ತೂ ದೇತಾ ಹೈ, ಹೈ ನಾ?" ಎಂದರು. ಅವನು ನನ್ನನ್ನು ನೋಡಿದ. ಆಮೇಲೆ, "ಹಾಂ ಸರ್" ಎಂದ.

ಮನೆಗೆ ನಡೆಯುವಾಗ ಒಂದೇ ಮಾತು ಕೇಳಿದ: "ಅಲ್ಲಿ ನಿಂಗೆ ಹೇಳೋರು ಯಾರಿರ್ತಾರೋ?" ಕೊಂಕಿರಲಿಲ್ಲ. ಅವನಿಗೆ ನಿಜವಾಗಿಯೂ ಆ ಚಿಂತೆಯಿತ್ತು.

ಹೇಳುವವರು ಯಾರೂ ಇರಲಿಲ್ಲ. ಎರಡನೇ ಪಂದ್ಯದಿಂದಲೇ ನಾನು ಬೆಂಚಿನ ಮೇಲೆ ಕೂತೆ. ಆದರೂ ಸರ್ಟಿಫಿಕೇಟ್ ಸಿಕ್ಕಿತು, ಅದರಿಂದ ನೌಕರಿಯೂ. ಅವನು ಮುಂದಿನ ವರ್ಷ ಆಟ ಬಿಟ್ಟ. ದಹಿಸರ್‌ನಲ್ಲಿ ಭಾವನ ಸ್ಟೇಷನರಿ ಅಂಗಡಿಗೆ ಸೇರಿಕೊಂಡ. ಹನ್ನೊಂದು ವರ್ಷ ಅಲ್ಲೇ ಇದ್ದ. ನಾನು ಹೋದಾಗಲೆಲ್ಲ ಚಹಾ ತರಿಸುತ್ತಿದ್ದ. ಆ ವಿಷಯವನ್ನು ಅವನು ಎತ್ತಲಿಲ್ಲ, ನಾನೂ— ಅವನಿಗೆ ಕಾಮಾಲೆ ಬಂತು, ಮೂರೇ ವಾರದಲ್ಲಿ ಹೋದ.

ಹದಿಮೂರನೆಯ ದಿನ ಊಟವಾದ ಮೇಲೆ ಅವನ ಹೆಂಡತಿ ಸುಧಾ ಕೇಳಿದರು. "ಶ್ರೀಧರಣ್ಣ, ಇವರು ಕಾಲೇಜಲ್ಲಿ ಹೇಗೆ ಆಡ್ತಿದ್ರು? ನಾನು ಕೇಳಿದ್ರೆ, ಆಡ್ತಿದ್ದೋನು ಶ್ರೀಧರ, ನಾನು ಬಾಲ್ ಕೊಡ್ತಿದ್ದೆ ಅಷ್ಟೇ, ಅನ್ನೋರು." ಅವರ ಆರು ವರ್ಷದ ಮಗಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಚೆನ್ನಾಗಿ ಆಡ್ತಿದ್ದ" ಎಂದೆ. ಅಷ್ಟರಲ್ಲೇ ನಿಲ್ಲಿಸಿದೆ.

ಈ ಭಾನುವಾರ ದಹಿಸರಿಗೆ ಹೋಗಿ ಇದನ್ನು ಅವರಿಬ್ಬರ ಮುಂದೆ ಓದಬೇಕು. ಕ್ಷಮಿಸಬಹುದಾಗಿದ್ದವನು ಹೋದ. ಮಗಳಿಗೆ ಅಪ್ಪನ ಆಟ ಹೇಗಿತ್ತೆಂದಾದರೂ ಗೊತ್ತಾಗಲಿ. ಬಾಯಲ್ಲಿ ಹೇಳಬಹುದು ಅಷ್ಟೇ, ತೋರಿಸಲಾಗದು. ಅವನು ಆಡುತ್ತಿರುವ ಒಂದು ಫೋಟೋ ಕೂಡ ನಮ್ಮ ಯಾರ ಬಳಿಯೂ ಇಲ್ಲ.