ಡುಮ್ಮಣ್ಣ ಸಿಕ್ಕಿದ

ಮೊಮ್ಮಗಳ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ, ತಟ್ಟೆ ತುಂಬ ಕೂದಲೆಳೆಯಂಥ ಹುಳಗಳು ಹರಿದಾಡುತ್ತಿದ್ದವು. ಉಸಿರಿಗೆ ಗಾಳಿ ಕಡಿಮೆಯಾದಾಗ ಮೈಯನ್ನು ಎಚ್ಚರಿಸುವ ಜೀನು ಏರುಪೇರಾದರೆ, ಚರ್ಮದ ಕೊಲ್ಯಾಜನ್ ಎಂಬ ನಾರು ಹದ ತಪ್ಪಿ, ಹುಳದ ಆಕಾರವೇ ಬದಲಾಗಬಹುದಂತೆ. ಅಂಥ ಒಂದು ಗಿಡ್ಡ, ದಪ್ಪ ಹುಳಕ್ಕಾಗಿ ಅವಳು ಮೂರು ವಾರದಿಂದ ಹುಡುಕುತ್ತಿದ್ದಳು. ಸಿಗದಿದ್ದರೆ ಕೆಲಸವೆಲ್ಲ ಮತ್ತೆ ಮೊದಲಿಂದ.

“ಅಗೋ, ಅಂಚಲ್ಲಿ ಬಿದ್ಕೊಂಡಿದಾನಲ್ಲೇ ನಿನ್ನ ಡುಮ್ಮಣ್ಣ!” ಎಂದೆ.

ಬಗ್ಗಿ ನೋಡಿದವಳು ಕಿರುಚಿಯೇಬಿಟ್ಟಳು. “ಓ ಮೈ ಗಾಡ್! ನಿಂಗೆ ಹೇಗೆ ಕಾಣಿಸ್ತು ಅಜ್ಜಿ?”

“ಐವತ್ತು ವರ್ಷ ಅಕ್ಕಿಯಲ್ಲಿ ಹುಳ ಆರಿಸಿದೀನಿ ಕಣೇ. ನಿಂಗೆ ಓದು ಜಾಸ್ತಿಯಾಯ್ತು, ಅಷ್ಟೇ.”

ಈಗ ಶನಿವಾರ ಬಂದರೆ, ಮೂರನೇ ಕ್ಲಾಸು ಓದಿದ ನನ್ನನ್ನು ಅವಳೇ ಲ್ಯಾಬಿಗೆ ಕರೆದೊಯ್ಯುತ್ತಾಳೆ. ಹೋಗುತ್ತೇನೆ, ಹುಡುಕಿಯೂ ಕೊಡುತ್ತೇನೆ. ಆ ಹುಳಗಳು ಮುದ್ದಾಗಿವೆ ಎಂದು ಮಾತ್ರ ನನ್ನ ಬಾಯಲ್ಲಿ ಹೇಳಿಸಲು ಅವಳಿಗಿನ್ನೂ ಆಗಿಲ್ಲ.